ಹಳೆಯ ಕ್ಯಾಂಪರ್ ವ್ಯಾನಿಗೆ ಎಸಿ: ಮೊದಲು ವಿದ್ಯುತ್ತಿನ ಲೆಕ್ಕ

ಅಮೆರಿಕದ ಅರಿಜೋನಾದಲ್ಲಿರುವ ಓದುಗರೊಬ್ಬರ ಬಳಿ 1978ರ ಫೋಕ್ಸ್‌ವ್ಯಾಗನ್ ಕ್ಯಾಂಪರ್ ಇದೆ. ಚಾವಣಿ ಮೇಲಕ್ಕೆತ್ತಿದರೆ ಕ್ಯಾನ್ವಾಸ್ ಗೋಡೆ ಬಿಚ್ಚಿಕೊಳ್ಳುವ ಮಾದರಿ. ಅದರ ನೆತ್ತಿಯ ಮೇಲೆ ಎಸಿ ಕೂರಿಸಬಹುದೇ ಎಂಬುದು ಅವರ ಪ್ರಶ್ನೆ.

ಖಂಡಿತ ಬೇಡ. ಚಾವಣಿಗೆ ಕೂರಿಸುವ ಎಸಿಗಳು ಸಾಮಾನ್ಯವಾಗಿ 35ರಿಂದ 45 ಕಿಲೋ ತೂಗುತ್ತವೆ. ಎತ್ತಿ ಇಳಿಸುವ ಚಾವಣಿಯ ಕೀಲುಗಳು ಆ ಭಾರಕ್ಕೆಂದು ಮಾಡಿದವಲ್ಲ.

ಅದಕ್ಕಿಂತ ದೊಡ್ಡ ತೊಡಕು ವಿದ್ಯುತ್ತಿನದು. 13,500 ಬಿಟಿಯು ಎಸಿ ಸುಮಾರು 1,300 ವಾಟ್ ಎಳೆಯುತ್ತದೆ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದೇ 1,200 ವಾಟ್-ಅವರ್. ಸೀಸ-ಆಮ್ಲದ್ದಾದರೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಬಾಳಿಕೆ ಕೆಡುತ್ತದೆ. ಅಂದರೆ ತಂಪು ಅರ್ಧ ಗಂಟೆಯೂ ನಿಲ್ಲದು. ಎಂಜಿನ್ನಿಗೆ ಬೆಲ್ಟ್ ಹಾಕಿ ಕಂಪ್ರೆಸರ್ ಓಡಿಸಿದರೆ ಪ್ರಯಾಣದಲ್ಲೇನೋ ಹಿತ, ಮಲಗುವ ಹೊತ್ತಿಗೆ ಪ್ರಯೋಜನವಿಲ್ಲ. ಮೇಲಾಗಿ ಇದು ಗಾಳಿಯಿಂದಲೇ ತಣಿಯುವ ಎಂಜಿನ್. ಬಿರುಬೇಸಿಗೆಯ ಏರುದಾರಿಯಲ್ಲಿ ಅದರ ಪಾಡು ಅದಕ್ಕೇ ಸಾಕು.

ತಂಗುವ ಜಾಗದಲ್ಲಿ 120 ವೋಲ್ಟ್ ಸಂಪರ್ಕ ಸಿಗುವುದಾದರೆ, 500 ವಾಟ್ ಆಸುಪಾಸಿನ 5,000 ಬಿಟಿಯು ಕಿಟಕಿ ಎಸಿಯೇ ಒಳ್ಳೆಯ ಆಯ್ಕೆ. ಅದರ ಹಿಂಬದಿಯ ಬಿಸಿಗಾಳಿ ಪೂರ್ತಿ ಹೊರಗೆ ಹೋಗಬೇಕು. ಚಾವಣಿ ಇಳಿಸಿಟ್ಟು, ಗಾಜುಗಳಿಗೆ ಹೊರಗಿನಿಂದ ಬಿಸಿಲು ತಡೆಯುವ ಹೊದಿಕೆ ಹಾಕಬೇಕು. ಸಂಪರ್ಕ ಸಿಗದೆ ಜನರೇಟರ್ ಬಳಸುವುದಾದರೆ, ಅದನ್ನು ಮಾತ್ರ ದಯವಿಟ್ಟು ವ್ಯಾನಿನ ಹತ್ತಿರ ಇಡಬೇಡಿ. ಅದರ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಅದನ್ನು ಪತ್ತೆ ಹಚ್ಚುವ ಅಲಾರಂ ಒಳಗೆ ಇರಲೇಬೇಕು.