ಜೂನ್‌ಗೆ ಮುಟ್ಟಬೇಕಾದ ಹಣ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಮನೆತನಗಳ ದುಡ್ಡು ಊರಿನ ಕೆಲಸಕ್ಕೆ ಒದಗುವುದು ಹೊಸದಲ್ಲ. ಭಟ್ಕಳದಲ್ಲಿ 1919ರಲ್ಲಿ ಹುಟ್ಟಿದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಇಂದು ಶಾಲೆಗಳಿಂದ ಎಂಜಿನಿಯರಿಂಗ್ ಕಾಲೇಜಿನವರೆಗೆ ಬೆಳೆದಿದೆ. ಕುಮಟಾದ ಕಲಾ ಮತ್ತು ವಿಜ್ಞಾನ ಕಾಲೇಜು ಮುಂಬೈಯ ಹೆಸರಾಂತ ಶಸ್ತ್ರವೈದ್ಯ ಡಾ. ಎ.ವಿ. ಬಾಳಿಗಾ ಅವರ ಹೆಸರು ಹೊತ್ತಿದೆ. ಮುರುಡೇಶ್ವರದ ಆರ್.ಎನ್. ಶೆಟ್ಟಿ (1928–2020) ತಮ್ಮ ಹುಟ್ಟೂರಿಗೆ ರಾಜಗೋಪುರವನ್ನಷ್ಟೇ ಅಲ್ಲ, ಆಸ್ಪತ್ರೆ, ಪಾಲಿಟೆಕ್ನಿಕ್‌ಗಳನ್ನೂ ಕೊಟ್ಟರು. ಕೊಟ್ಟವರ ಹೆಸರು ಊರಿಗೆ ಗೊತ್ತು. ಕೊಟ್ಟದ್ದು ಸರಿಯಾದ ಕೈಗೆ, ಸರಿಯಾದ ದಿನಕ್ಕೆ ಮುಟ್ಟುವಂತೆ ನೋಡಿಕೊಳ್ಳುವ ಕೆಲಸ ಹೇಗಿರುತ್ತದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಒಂದು ಖಾಸಗಿ ಕುಟುಂಬದ ಪ್ರತಿಷ್ಠಾನದಲ್ಲಿ ಅರ್ಜಿ, ಕಡತ, ಪಾವತಿ, ವರದಿಗಳ ನಡುವೆ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಪಾಠ ಕ್ಯಾಲೆಂಡರಿನದು.

ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಟ್ರಸ್ಟ್ ತನ್ನ ವರ್ಷದ ಆದಾಯದಲ್ಲಿ ಕನಿಷ್ಠ ಶೇ. 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು. ಮಂಜೂರು ಮಾಡಿದರಷ್ಟೇ ಸಾಲದು, ಹಣ ನಿಜವಾಗಿ ಪಾವತಿಯಾಗಿರಬೇಕು. ಆದ್ದರಿಂದ ಫೆಬ್ರುವರಿ ಬಂತೆಂದರೆ ಸಣ್ಣ ಟ್ರಸ್ಟ್‌ಗಳಲ್ಲೆಲ್ಲ ಧಾವಂತ ಶುರುವಾಗುತ್ತದೆ. ಲೆಕ್ಕಪರಿಶೋಧಕರು ಫೋನ್ ಮಾಡುತ್ತಾರೆ, ಮಾರ್ಚ್ 31ರೊಳಗೆ ಚೆಕ್ಕುಗಳು ಹೊರಡುತ್ತವೆ. ಆಮೇಲೆ ಬೇಸಿಗೆಯಿಡೀ ಕಚೇರಿ ಸುಮ್ಮನಿರುತ್ತದೆ. ಮುಂದಿನ ಸಭೆ ಆಗಸ್ಟ್‌ಗೋ ಸೆಪ್ಟೆಂಬರಿಗೋ ಸೇರುತ್ತದೆ.

ಕರಾವಳಿಯ ಮನೆಗಳಿಗೆ ಹಣ ಬೇಕಾಗುವುದು ಇವೆರಡರ ನಡುವೆ. ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿರುತ್ತದೆ, ಜೂನ್‌ನಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾ ಪ್ರವೇಶ. ಅದೇ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ದೋಣಿಯಲ್ಲಿ ಪಾಲಿಗೆ ದುಡಿಯುವವನ ಮನೆಯಲ್ಲಿ ಕೈಕಾಸು ಇಲ್ಲದ ಹೊತ್ತಿಗೇ ಮಗಳ ಫೀ ಕಟ್ಟುವ ಕೊನೆಯ ದಿನ ಬರುತ್ತದೆ. ಸೆಪ್ಟೆಂಬರಿನಲ್ಲಿ ಬರುವ ವಿದ್ಯಾರ್ಥಿವೇತನ ಆ ಮನೆಯ ಬಡ್ಡಿ ಸಾಲ ತೀರಿಸಲು ಹೋಗುತ್ತದೆ. ಕೆಲವೊಮ್ಮೆ ಅಷ್ಟರಲ್ಲಿ ಹುಡುಗಿ ಓದು ಬಿಟ್ಟು ಕೆಲಸಕ್ಕೆ ಸೇರಿರುತ್ತಾಳೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಅರ್ಜಿಗಳನ್ನು ಜನವರಿಯಲ್ಲಿ ಕರೆಯುವುದು, ಫೆಬ್ರುವರಿಯ ಸಭೆಯಲ್ಲಿ ಷರತ್ತಿನ ಮೇಲೆ ಒಪ್ಪಿಗೆ ಕೊಡುವುದು, ಫಲಿತಾಂಶ ಬಂದ ಕೂಡಲೇ ಅಂಕಪಟ್ಟಿ ಪಡೆದು ಜೂನ್ ಮೊದಲ ವಾರ ಹಣ ಹಾಕುವುದು. ಆ ಪಾವತಿ ಹೊಸ ಆರ್ಥಿಕ ವರ್ಷದ ಲೆಕ್ಕಕ್ಕೆ ಸೇರುತ್ತದೆ, ಮಾರ್ಚಿನ ಧಾವಂತವೂ ತಗ್ಗುತ್ತದೆ.

ವಿದ್ಯಾರ್ಥಿಗಳಿಗೆ ಹೇಳಿದ್ದು ಉಳಿದವರಿಗೂ ಹೊಂದುತ್ತದೆ. ಕುಮಟಾ ತಾಲೂಕಿನ ಮಾಣಿಕಟ್ಟಾ ಸುತ್ತಮುತ್ತ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಒಡ್ಡು ಕಟ್ಟುವುದಿದ್ದರೆ ಮಳೆಗೆ ಮುಂಚೆ ಕಟ್ಟಬೇಕು, ಜುಲೈಯಲ್ಲಿ ಬಂದ ಹಣ ಆ ವರ್ಷದ ಬೆಳೆಗೆ ಉಪಯೋಗವಿಲ್ಲ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿರುವ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕೆರೆಮನೆ ಶಿವರಾಮ ಹೆಗಡೆಯವರಿಂದ 1934ರಲ್ಲಿ ಆರಂಭವಾದದ್ದು. ಇಲ್ಲಿ ಯಾವ ಮೇಳವನ್ನೇ ಕೇಳಿ, ಆಟಗಳು ಜೋರಾಗಿರುವುದು ಮಳೆ ಮುಗಿದ ಮೇಲೆ. ವೇಷಭೂಷಣ ರಿಪೇರಿ, ತಾಲೀಮಿನ ಖರ್ಚು ಮಾತ್ರ ಮಳೆಗಾಲದ್ದು. ಅನುದಾನ ನೋಡಿಕೊಳ್ಳುವವರ ಗೋಡೆಯ ಮೇಲೆ ಆರ್ಥಿಕ ವರ್ಷದ ಪಟ್ಟಿಯ ಪಕ್ಕದಲ್ಲಿ ಮಳೆ, ಮೀನು, ಬಿತ್ತನೆ, ಪರೀಕ್ಷೆಗಳ ಪಟ್ಟಿಯೂ ಇರಬೇಕು.

ಎರಡನೆಯದು ಬ್ಯಾಂಕಿನ ಪಾಠ. ಕರಾವಳಿಯ ಹಳ್ಳಿಗಳಲ್ಲಿ ಬಹಳ ಮನೆಗಳ ಖಾತೆ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳಲ್ಲಿತ್ತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷದ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಳೆಯ ಪಾಸ್‌ಬುಕ್ಕಿನಲ್ಲಿರುವ ಐಎಫ್‌ಎಸ್‌ಸಿ ಸಂಖ್ಯೆ ಬರೆದು ಕಳಿಸಿದವರ ಹಣ ಹೋದಷ್ಟೇ ವೇಗವಾಗಿ ಹಿಂತಿರುಗುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದುಮುಂದು, ಖಾತೆಯಲ್ಲಿ ಮನೆತನದ ಹೆಸರು: ಇದೂ ನಿತ್ಯದ ಸಮಸ್ಯೆ. ಅರ್ಜಿಯ ಜೊತೆ ಹೊಸ ಪಾಸ್‌ಬುಕ್ಕಿನ ಮೊದಲ ಪುಟ ಕೇಳಿ, ಮೊದಲು ಒಂದು ರೂಪಾಯಿ ಕಳಿಸಿ ನೋಡಿದರೆ ಜೂನ್‌ನ ಅಮೂಲ್ಯ ದಿನಗಳು ಉಳಿಯುತ್ತವೆ.

ಭಟ್ಕಳದಲ್ಲಿ ಇನ್ನೊಂದು ವಿಷಯ ತಿಳಿದಿರಲೇಬೇಕು. ಅಲ್ಲಿನ ಅನೇಕ ಕುಟುಂಬಗಳಲ್ಲಿ ದುಬೈ, ಸೌದಿ ಕಡೆ ದುಡಿಯುವವರಿದ್ದಾರೆ. ಹೊರಗಿನಿಂದ ಬಂದ ಹಣವೆಲ್ಲ ವಿದೇಶಿ ದೇಣಿಗೆ ಎಂದು ಹೆದರಿ ಎಷ್ಟೋ ಸಣ್ಣ ಟ್ರಸ್ಟ್‌ಗಳು ಒಳ್ಳೆಯ ದೇಣಿಗೆ ಬಿಟ್ಟುಬಿಡುತ್ತವೆ. ಕೆಲವರು ಯಾವುದನ್ನೂ ವಿಚಾರಿಸದೆ ತೆಗೆದುಕೊಂಡು ತೊಂದರೆಗೆ ಸಿಲುಕುತ್ತಾರೆ. ಭಾರತೀಯ ಪೌರತ್ವ ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕಳಿಸಿದ್ದು, ಅವರು ನಮ್ಮೂರಿನವರೇ ಆಗಿದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ಖಾತೆ ಬೇಕು. ಆ ಕಾಯ್ದೆಯ 2020ರ ತಿದ್ದುಪಡಿಯ ನಂತರ ಹಾಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ದೇಣಿಗೆ ಪಡೆಯುವ ಮುನ್ನ ಪಾಸ್‌ಪೋರ್ಟಿನ ಪ್ರತಿ ಕೇಳುವುದು ಅಪನಂಬಿಕೆಯಲ್ಲ, ಕೊಡುವವರಿಗೂ ಪಡೆಯುವವರಿಗೂ ಅದು ರಕ್ಷಣೆ.

ಕುಟುಂಬದ ಪ್ರತಿಷ್ಠಾನ ಎಂದ ಮೇಲೆ ಕುಟುಂಬ ಇದ್ದೇ ಇರುತ್ತದೆ. ಅಪ್ಪ ಅಧ್ಯಕ್ಷರು, ಮಗಳು ಕಾರ್ಯದರ್ಶಿ, ಅಳಿಯ ಖಜಾಂಚಿ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಯಾರೋ ಕೇಳುತ್ತಾರೆ, ಹಿರಿಯರು ‘ಆಯ್ತು, ಕಚೇರಿಗೆ ಹೋಗಿ’ ಎನ್ನುತ್ತಾರೆ. ಅಂಥ ಮಾತಿನಲ್ಲಿ ಪ್ರೀತಿಯಿದೆ, ಆದರೆ ಅರ್ಜಿ ಹಾಕಿ ಸಾಲಿನಲ್ಲಿ ಕಾದವರಿಗೆ ಅದರಿಂದ ಅನ್ಯಾಯವಾಗುತ್ತದೆ. ಟ್ರಸ್ಟಿಗಳ ಹತ್ತಿರದ ಸಂಬಂಧಿಕರಿಗೆ ಲಾಭವಾದರೆ ತೆರಿಗೆ ವಿನಾಯಿತಿಗೂ ಧಕ್ಕೆ ಬರುತ್ತದೆ. ಎಲ್ಲ ಕೋರಿಕೆಗೂ ಒಂದೇ ಅರ್ಜಿ, ಸಭೆಯಲ್ಲಿ ಒಂದೇ ಪಟ್ಟಿ, ಪರಿಚಯವಿರುವ ಟ್ರಸ್ಟಿ ಆ ಅರ್ಜಿಯ ನಿರ್ಧಾರದಿಂದ ದೂರ: ಇಷ್ಟನ್ನು ಬರೆದಿಟ್ಟ ನಿಯಮವಾಗಿ ಮಾಡಿಕೊಂಡರೆ ಹಿರಿಯರ ಮಾತಿಗೂ ಗೌರವ ಉಳಿಯುತ್ತದೆ, ‘ಇಲ್ಲ’ ಎನ್ನಬೇಕಾದವರಿಗೂ ಆಧಾರ ಸಿಗುತ್ತದೆ.

ಅರ್ಜಿ ನಮೂನೆ ಕನ್ನಡದಲ್ಲಿರಬೇಕು. ಇಂಗ್ಲಿಷ್ ನಮೂನೆ ಇಟ್ಟರೆ ಚೆನ್ನಾಗಿ ಬರೆಸಿಕೊಂಡವರು ಗೆಲ್ಲುತ್ತಾರೆ, ಚೆನ್ನಾಗಿ ಕೆಲಸ ಮಾಡುವವರು ಹಿಂದೆ ಉಳಿಯುತ್ತಾರೆ. ಇಪ್ಪತ್ತು ಸಾವಿರ ರೂಪಾಯಿ ಕೊಟ್ಟು ಇಪ್ಪತ್ತು ಪುಟದ ವರದಿ ಕೇಳುವುದು ಸರಿಯಲ್ಲ. ಬಿಲ್ಲುಗಳು, ನಾಲ್ಕು ಫೋಟೊ, ಒಂದು ಪುಟದ ಪತ್ರ ಸಾಕು, ಅನುಮಾನವಿದ್ದರೆ ಜಾಗಕ್ಕೇ ಹೋಗಿ ನೋಡಬಹುದು.

ಇನ್ನೊಂದನ್ನು ಟ್ರಸ್ಟಿಗಳಿಗೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ: ಸಂಬಳವೂ ಕೆಲಸವೇ. ಹೊನ್ನಾವರದ ಕಾಸರಕೋಡಿನಲ್ಲಿ ಡಾ. ಕುಸುಮಾ ಸೊರಬ ಅವರು ಕಟ್ಟಿದ ಸ್ನೇಹಕುಂಜ ಹಳ್ಳಿಗಳ ಆರೋಗ್ಯ ಸೇವೆಯಿಂದ ಕಾಂಡ್ಲಾ ಕಾಡಿನ ರಕ್ಷಣೆಯವರೆಗೆ ದುಡಿದ ಸಂಸ್ಥೆ. ಅಂಥ ಕೆಲಸ ನಿಂತಿರುವುದು ದಿನಾ ಹಳ್ಳಿಗೆ ಹೋಗಿಬರುವ ಕಾರ್ಯಕರ್ತರ ಮೇಲೆ. ಕಾಂಡ್ಲಾ ಸಸಿ ನೆಟ್ಟ ವರ್ಷದ ಫೋಟೊಗೆ ಹಣ ಕೊಡುವವರು ಬಹಳ. ಸತ್ತ ಸಸಿಯ ಜಾಗಕ್ಕೆ ಮರುವರ್ಷ ಇನ್ನೊಂದು ನೆಡುವವರ ಕೂಲಿ, ದೋಣಿ ಬಾಡಿಗೆ ಕೊಡುವವರು ಕಡಿಮೆ. ಮೂರು ವರ್ಷದ ಭರವಸೆಯ ಸಣ್ಣ ಮೊತ್ತ ಒಂದು ವರ್ಷದ ದೊಡ್ಡ ಮೊತ್ತಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ದೊಡ್ಡ ಪ್ರತಿಷ್ಠಾನಗಳು ಬಂದ ಮೇಲೆ ಸಣ್ಣವು ಬೇಕೇ ಎಂದು ಕೇಳುವವರಿದ್ದಾರೆ. ಸರ್ಕಾರಿ ಶಾಲೆಯಲ್ಲಿ ಓದಿ ಪದವಿ, ಡಿಪ್ಲೊಮಾ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ಅನುದಾನಿತ ಶಾಲೆಯ ಹುಡುಗಿ, ಐಟಿಐ ಸೇರಿದ ಮೀನುಗಾರನ ಮಗ, ಗೇರುಸೊಪ್ಪೆ ಕಡೆಯಿಂದ ಹೊನ್ನಾವರಕ್ಕೆ ದಿನಾ ಬಸ್ಸಿನಲ್ಲಿ ಬರುವವನ ಪಾಸಿನ ಹಣ ಇಂಥ ಯೋಜನೆಗಳ ಹೊರಗೆ ಉಳಿಯುತ್ತವೆ. ಊರು ಬಲ್ಲ ಕುಟುಂಬದ ಟ್ರಸ್ಟ್ ಇವನ್ನು ಕಾಣಬಲ್ಲದು.

ಅದಕ್ಕೇ ಕರಾವಳಿಯ ಕುಟುಂಬಗಳಲ್ಲಿ ಒಂದು ಕೋರಿಕೆ. ನಿಮ್ಮ ಟ್ರಸ್ಟಿನ ಸಭೆಯನ್ನು ಈ ವರ್ಷ ಫೆಬ್ರುವರಿಯಲ್ಲೇ ನಡೆಸಿ, ಅರ್ಜಿಯನ್ನು ಕನ್ನಡದಲ್ಲಿ ಕೊಡಿ, ಜೂನ್ ಮೊದಲ ವಾರದೊಳಗೆ ಹಣ ಹಾಕಿ. ಕೊಡಲಾಗದವರಿಗೆ ಕಾರಣ ತಿಳಿಸಿ ಎರಡು ಸಾಲು ಬರೆಯಿರಿ, ಅವರು ಬೇರೆ ಬಾಗಿಲು ತಟ್ಟಲು ಅಷ್ಟು ಸಮಯವಾದರೂ ಉಳಿಯಲಿ.