ಗ್ರಾಫ್ ಎರಡು ದಿನ ಹಿಂದೆಯೇ ನಿಂತಿದೆಯೇ?

ಮಳೆಗಾಲ ಶುರುವಾದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹಿಡಕಲ್ ಜಲಾಶಯದ ಮಟ್ಟವನ್ನು ದಿನಾ ಎಕ್ಸೆಲ್‌ನಲ್ಲಿ ಬರೆದು, ಗ್ರಾಫ್ ಮಾಡಿ ವಾಟ್ಸಾಪ್‌ಗೆ ಹಾಕುವವರಿದ್ದಾರೆ. ಒಳ್ಳೆಯ ಕೆಲಸ. ಆದರೆ ತಾನಾಗಿ ಬೆಳೆಯಬೇಕಾದ ಗ್ರಾಫ್ ಎಷ್ಟೋ ಸಲ ಎರಡು ದಿನ ಹಿಂದೆಯೇ ನಿಂತಿರುತ್ತದೆ. 2019ರ ಆಗಸ್ಟ್‌ನಂಥ ನೆರೆಯಲ್ಲಿ ಆ ಹಳೆಯ ಗೆರೆ ನಂಬಿ ಘಟಪ್ರಭೆಯ ದಂಡೆಯ ಪಂಪ್‌ಸೆಟ್ ಎತ್ತದೆ ಕೂತರೆ ಗತಿಯೇನು?

ಎ ಕಾಲಂನಲ್ಲಿ ದಿನಾಂಕ, ಬಿ ಕಾಲಂನಲ್ಲಿ ಮಟ್ಟ, ಮೊದಲ ಸಾಲಿನಲ್ಲಿ ತಲೆಬರಹ ಇರಲಿ. ಗ್ರಾಫ್ ತಾನಾಗಿ ಬೆಳೆಯಬೇಕಾದರೆ ಈ ಅಂಕಿಗಳ ವ್ಯಾಪ್ತಿಗೊಂದು ಹೆಸರಿಟ್ಟು, ಅದರ ಉದ್ದವನ್ನು ಫಾರ್ಮುಲಾವೇ ಅಳೆಯುವಂತೆ ಮಾಡಬೇಕು. ಅದಕ್ಕೆ ಫಾರ್ಮುಲಾಸ್ ಮೆನುವಿನ ನೇಮ್ ಮ್ಯಾನೇಜರ್ ತೆರೆಯಿರಿ.

ಎಲ್ಲರೂ ಎಡವುವುದು ಇಲ್ಲೇ. ಉದ್ದ ಅಳೆಯಲು ಬಹುತೇಕರು ಕೌಂಟ್‌ಎ ಬಳಸುತ್ತಾರೆ. ಅದು ತುಂಬಿದ ಸೆಲ್‌ಗಳನ್ನು ಎಣಿಸುತ್ತದೆಯೇ ಹೊರತು ಕೊನೆಯ ಸೆಲ್ ಎಲ್ಲಿದೆ ಎಂದು ನೋಡುವುದಿಲ್ಲ. ನಡುವೆ ಎರಡು ದಿನ ಮಟ್ಟ ಬರೆಯದೆ ಬಿಟ್ಟಿದ್ದರೆ ಎಣಿಕೆಯಲ್ಲಿ ಎರಡು ಕಡಿಮೆ. ಕತ್ತರಿ ಬೀಳುವುದು ಮಾತ್ರ ತುದಿಯ ಎರಡು ದಿನಕ್ಕೆ, ಅಂದರೆ ನಿನ್ನೆ, ಇವತ್ತಿಗೆ. ಮುಂದಿನ ಸಾಲುಗಳಿಗೆ ಮೊದಲೇ ಫಾರ್ಮುಲಾ ಎಳೆದಿಟ್ಟಿದ್ದರೆ ಇದರ ಉಲ್ಟಾ: ಖಾಲಿ ಕಾಣುವ ಸೆಲ್‌ಗಳೂ ಎಣಿಕೆಗೆ ಬಂದು ಗೆರೆ ಸೊನ್ನೆಗೆ ಧುಮುಕುತ್ತದೆ. ಆಗ ಅಕ್ಷವೂ ಸೊನ್ನೆಯಿಂದ ಶುರುವಾಗುತ್ತದೆ. ಪೂರ್ಣಮಟ್ಟ 2175 ಅಡಿ ಇರುವ ಜಲಾಶಯದಲ್ಲಿ ಹತ್ತಡಿ ನೀರು ಏರಿದರೂ ಗೆರೆ ನೆಟ್ಟಗೆ ಮಲಗಿರುತ್ತದೆ.

ಹಾಗಾಗಿ ಹಿಡಕಲ್_ಮಟ್ಟ ಎಂಬ ಹೆಸರಿಗೆ ಈ ಫಾರ್ಮುಲಾ ಕೊಡಿ (ಟೈಪಿಸುವುದು ಇಂಗ್ಲಿಷ್ ಅಕ್ಷರಗಳಲ್ಲೇ):

=ಆಫ್‌ಸೆಟ್(ಶೀಟ್1!$ಬಿ$2,0,0,ಮ್ಯಾಚ್(9ಇ+307,ಶೀಟ್1!$ಬಿ:$ಬಿ)-1,1)

ಇದು ಬಿ ಕಾಲಂನ ಕೊನೆಯ ಅಂಕಿಯನ್ನು ಹುಡುಕಿ ಅಲ್ಲಿಯವರೆಗೆ ಅಳೆಯುತ್ತದೆ. ಹಿಡಕಲ್_ದಿನ ಎಂಬ ಇನ್ನೊಂದು ಹೆಸರಿಗೆ $ಬಿ$2 ಬದಲು $ಎ$2 ಹಾಕಿ. ಮ್ಯಾಚ್ ಒಳಗಿನ ಬಿ ಮಾತ್ರ ಬದಲಿಸಬೇಡಿ. ಎರಡರ ಉದ್ದವೂ ಒಂದೇ ಇರಬೇಕು. ಡಾಲರ್ ಗುರುತು ಬಿಟ್ಟರೆ ನೀವು ನಿಂತ ಸೆಲ್‌ಗೆ ತಕ್ಕಂತೆ ವ್ಯಾಪ್ತಿ ಸರಿದಾಡುತ್ತದೆ.

ಗ್ರಾಫ್ ಮುಟ್ಟುವ ಮೊದಲು ಎಫ್5 ಒತ್ತಿ, ಹೆಸರು ಟೈಪಿಸಿ, ಎಂಟರ್ ಕೊಡಿ. ಆಯ್ಕೆಯಾದ ಸಾಲುಗಳು ಇವತ್ತಿನವರೆಗೂ ಇವೆಯೇ ನೋಡಿ. ಇಲ್ಲದಿದ್ದರೆ ಕೊನೆಯ ಸೆಲ್‌ನಲ್ಲಿ ಅಂಕಿಯ ಪಕ್ಕ ‘ಅಡಿ’ ಎಂದು ಬರೆದಿರಬಹುದು. ಹಾಗೆ ಬರೆದರೆ ಎಕ್ಸೆಲ್‌ಗೆ ಅದು ಅಂಕಿಯಲ್ಲ, ಅಕ್ಷರ. ಸೆಲ್‌ನ ಎಡಕ್ಕೆ ಅಂಟಿ ಕೂತಿರುವುದೇ ಅದರ ಗುರುತು. ಅಡಿ, ಟಿಎಂಸಿ ಎಲ್ಲ ತಲೆಬರಹದಲ್ಲಷ್ಟೇ ಇರಲಿ.

ಇನ್ನು ಗ್ರಾಫ್ ಮೇಲೆ ಬಲ ಕ್ಲಿಕ್ ಮಾಡಿ, ಸೆಲೆಕ್ಟ್ ಡೇಟಾಕ್ಕೆ ಹೋಗಿ. ಮೇಲಿನ ಡೇಟಾ ರೇಂಜ್ ಪೆಟ್ಟಿಗೆಯಲ್ಲಿ ಹೆಸರು ಹಾಕಿದರೆ ಎಕ್ಸೆಲ್ ಅದನ್ನು ಸ್ಥಿರ ವಿಳಾಸವಾಗಿಸಿಬಿಡುತ್ತದೆ. ಅದರ ಬದಲು ಕೆಳಗೆ ಎಡಗಡೆಯ ಎಡಿಟ್ ಒತ್ತಿ, ಸೀರೀಸ್ ವ್ಯಾಲ್ಯೂಸ್‌ನಲ್ಲಿ =ಶೀಟ್1!ಹಿಡಕಲ್_ಮಟ್ಟ ಎಂದು ಬರೆಯಿರಿ. ಶೀಟ್ ಹೆಸರು ಬಿಟ್ಟರೆ ಒಪ್ಪುವುದಿಲ್ಲ. ಬಲಗಡೆಯ ಎಡಿಟ್‌ನಲ್ಲಿ ದಿನಾಂಕಕ್ಕೂ ಹೀಗೆಯೇ.

ಲಿಬ್ರೆಆಫೀಸ್‌ನ ಚಾರ್ಟ್‌ಗಳಲ್ಲಿ ಈ ದಾರಿ ನಡೆಯದು. ಎಕ್ಸೆಲ್‌ನಲ್ಲೇ ಹೊಸದಾಗಿ ಶುರು ಮಾಡುವವರು ಕಂಟ್ರೋಲ್+ಟಿ ಒತ್ತಿ ಟೇಬಲ್ ಮಾಡಿಕೊಂಡರೆ ಸಾಕು, ಹೆಸರುಗಳ ಗೊಡವೆಯೇ ಬೇಡ.