ಮಳೆ ಹಿಡಿಯುವ ಮೊದಲೇ ನಮ್ಮ ಮನೆ ಸಿದ್ಧವಿರಲಿ



ನಮ್ಮದು ಬರ ಕಂಡ ನಾಡು. ಗುರುಗುಂಟಾ ಸುತ್ತಮುತ್ತ ಆಕಾಶ ನೋಡುತ್ತಾ ಕೂತ ವರ್ಷಗಳೇ ಹೆಚ್ಚು. ಅದಕ್ಕೇ ಸಂಘದ ಸಭೆಯಲ್ಲಿ ಅತಿವೃಷ್ಟಿಯ ಮಾತು ತೆಗೆದರೆ, "ಮಳಿ ಬಂದ್ರ ಸಾಕಾಗೈತ್ರಿ, ಅದಕ್ಯಾಕ ಅಂಜಬೇಕು?" ಎಂದು ನಗುವವರಿದ್ದಾರೆ. ಅವರ ಜೊತೆ ಕೂತು ನಾವು 2009ನೇ ಇಸವಿಯನ್ನು ನೆನಪಿಸಿಕೊಳ್ಳಬೇಕು.

ಆ ವರ್ಷ ದೇಶದಲ್ಲೆಲ್ಲಾ ಮುಂಗಾರು ಸೋತಿತ್ತು. ಬರ ಎಂದುಕೊಂಡು ಜನ ಸುಮ್ಮನಿದ್ದರು. ಸೆಪ್ಟೆಂಬರ್ ಕೊನೆಗೆ ಹಸ್ತ ಮಳೆ ಹಿಡಿಯಿತು; ಅಕ್ಟೋಬರ್ ಮೊದಲ ದಿನಗಳವರೆಗೂ ಬಿಡಲಿಲ್ಲ. ತುಂಗಭದ್ರಾ ದಂಡೆಯ ಮಂತ್ರಾಲಯಕ್ಕೂ ನೀರು ನುಗ್ಗಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ತೀರಿಕೊಂಡರು, ಲಕ್ಷಗಟ್ಟಲೆ ಮನೆಗಳು ಹಾಳಾದವು. ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. ಹೊಳೆಯಿಂದ ದೂರ ಇದ್ದವರ ಮನೆಗಳೂ ಉಳಿಯಲಿಲ್ಲ. ನೆನೆದ ಮಣ್ಣಿನ ಗೋಡೆ, ಮಾಳಿಗೆ ಕುಸಿದು ಮಲಗಿದ್ದವರ ಮೇಲೆಯೇ ಬಿದ್ದವು. ಆದ್ದರಿಂದ ಈ ಪಾಠವನ್ನು ಮಾಳಿಗೆಯಿಂದಲೇ ಶುರು ಮಾಡೋಣ.

1. ಮಾಳಿಗೆ ಯಾಕೆ ಬೀಳುತ್ತದೆ?

10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣಿದೆ ಎನ್ನಿ. ಒಣಗಿದ್ದಾಗಲೇ ಅದರ ತೂಕ ಸುಮಾರು 40 ಕ್ವಿಂಟಲ್. ನೀರು ಕುಡಿದರೆ 50 ಕ್ವಿಂಟಲ್ ದಾಟುತ್ತದೆ. ಅಂದರೆ 50 ಚೀಲ ಜೋಳ ತಲೆಯ ಮೇಲೆ ಹೇರಿಕೊಂಡು ನಾವು ಮಲಗಿರುತ್ತೇವೆ. ಕೆಳಗಿನ ಜಂತಿಗೆ ಗೆದ್ದಲು ಹತ್ತಿದ್ದರೆ ಅದು ಎಷ್ಟು ಹೊತ್ತು ತಡೆದೀತು? ವರ್ಷಾ ವರ್ಷಾ ಸೋರುತ್ತದೆಂದು ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣು ಹಾಕುತ್ತೇವೆ. ಹಾಗೆ ಮಾಡಿದಾಗ ಸೋರುವುದು ನಿಂತರೂ ಭಾರ ಏರುತ್ತಲೇ ಹೋಗುತ್ತದೆ.

ರೋಹಿಣಿ ಮಳೆಗೆ ಮುಂಚೆ, ಅಂದರೆ ಮೇ ತಿಂಗಳಲ್ಲೇ ಈ ಕೆಲಸ ಮುಗಿಸಬೇಕು:

- ಹಳೆಯ ಮಣ್ಣನ್ನು ಕೆರೆದು ತೆಗೆದು, ಆಮೇಲೆ ಹೊಸ ಮಣ್ಣು ಹಾಕಿಸಿ. ನೀರು ನಿಲ್ಲದಂತೆ ಇಳಿಜಾರು ಕೊಡಿಸಿ. ನೀರು ಹೊರಬೀಳುವ ದೋಣಿಯಲ್ಲಿ ಕಸ, ಹುಲ್ಲು ಇಲ್ಲದಂತೆ ನೋಡಿ.
- ಜಂತಿ, ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗದಲ್ಲಿ ಕಬ್ಬಿಣದ ಸಲಾಕೆಯಿಂದ ಚುಚ್ಚಿ ನೋಡಿ. ಮೆತ್ತಗೆ ಒಳಗೆ ಹೋದರೆ ಗೆದ್ದಲು ತಿಂದಿದೆ ಎಂದು ತಿಳಿಯಿರಿ. ಅದಕ್ಕೆ ಕಂಬ ಕೊಡಿಸಿ.
- ಗೋಡೆಯ ಬುಡದಲ್ಲಿ ನೀರು ನಿಲ್ಲಬಾರದು. ಬಚ್ಚಲ ನೀರು ಗೋಡೆ ಪಕ್ಕದಲ್ಲಿ ಹರಿಯುತ್ತಿದ್ದರೆ ದಾರಿ ಬದಲಿಸಿ.

2. ಗೋಡೆ ಮೊದಲೇ ಹೇಳುತ್ತದೆ

ಮಣ್ಣಿನ ಮನೆ ಬೀಳುವ ಮುಂಚೆ ಬಹಳ ಸಲ ಸುಳಿವು ಕೊಡುತ್ತದೆ. ಗೋಡೆಯಲ್ಲಿ ಹೊಸ ಬಿರುಕು, ಗೋಡೆ ಹೊಟ್ಟೆ ಬಿಡುವುದು, ಜಂತಿಯ ಸಂದಿಯಿಂದ ಮಣ್ಣು ಉದುರುವುದು, ಸರಿಯಾಗಿದ್ದ ಬಾಗಿಲು ಇದ್ದಕ್ಕಿದ್ದಂತೆ ಹಾಕಲು ಬಾರದಿರುವುದು: ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಆ ಮನೆಯಲ್ಲಿ ಮಲಗಬೇಡಿ. ಮಳೆ ನಿಂತು ಬಿಸಿಲು ಬಿತ್ತೆಂದು ಕೂಡಲೇ ಒಳಗೆ ಹೋಗಬೇಡಿ. ನೆನೆದ ಗೋಡೆ ಎರಡು ಮೂರು ದಿನ ಬಿಟ್ಟೂ ಬೀಳುತ್ತದೆ.

3. ರಾತ್ರಿ ಯಾರ ಮನೆಗೆ ಹೋಗುವುದು?

ಇದು ಈ ಪಾಠದ ಮುಖ್ಯ ಮಾತು. ಮನೆ ಬೀಳುವಂತಿದೆ ಎಂದು ಗೊತ್ತಿದ್ದರೂ ನಾವು ಯಾಕೆ ಹೊರಗೆ ಹೋಗುವುದಿಲ್ಲ? "ಇಷ್ಟೊತ್ತಿನ್ಯಾಗ ಇನ್ನೊಬ್ಬರ ಬಾಗಿಲಾ ಹೆಂಗ ಬಡೀಲಿ? ಏನಂದಾರು?" ಎಂಬ ಸಂಕೋಚ. ಮನೆಯಲ್ಲಿ ವಯಸ್ಸಾದ ಅತ್ತೆ, ಬಾಣಂತಿ ಮಗಳು, ಬೆಳೆದ ಹೆಣ್ಣುಮಕ್ಕಳು ಇದ್ದರಂತೂ ಹೆಜ್ಜೆ ಕೀಳುವುದೇ ಇಲ್ಲ. ಜಾತಿಯ ಮಾತೂ ಅಡ್ಡ ಬರುತ್ತದೆ ಎಂಬುದನ್ನು ನಾವು ಮುಚ್ಚಿಡಬಾರದು.

ಈ ಸಂಕೋಚವನ್ನು ಮುರಿಯುವ ಶಕ್ತಿ ಸಂಘಕ್ಕಿದೆ. ಯಾವ ಮನೆ ಗಟ್ಟಿ, ಯಾವ ಮನೆ ಅಪಾಯದಲ್ಲಿದೆ ಎಂದು ಬೇಸಿಗೆಯ ಸಭೆಯಲ್ಲೇ ಪಟ್ಟಿ ಮಾಡಿ. ಇಂಥ ಮನೆಯವರು ಇಂಥವರ ಮನೆಗೆ, ಜಾಗ ಸಾಲದಿದ್ದರೆ ಶಾಲೆಗೋ ಸಮುದಾಯ ಭವನಕ್ಕೋ ಹೋಗಬೇಕೆಂದು ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಶಾಲೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆಂದೂ ಬರೆಯಿರಿ. ಆಗ ಅದು ಬೇಡಿಕೊಂಡು ಹೋದಂತೆ ಆಗುವುದಿಲ್ಲ, ಸಂಘದ ನಿಯಮ ಪಾಲಿಸಿದಂತೆ ಆಗುತ್ತದೆ. ನಡೆಯಲು ಬಾರದವರನ್ನು, ಒಂಟಿಯಾಗಿರುವವರನ್ನು ಯಾರು ಕರೆತರಬೇಕೆಂಬುದೂ ಅದರಲ್ಲಿರಲಿ. ಅವರು ಸಂಘದ ಸದಸ್ಯರಲ್ಲದಿದ್ದರೂ ಸೇರಿಸಿಕೊಳ್ಳಿ.

4. ಬಾಗಿಲ ಬಳಿ ಒಂದು ಚೀಲ

ಟ್ರಂಕಿನ ತಳದಲ್ಲಿರುವ ಕಾಗದ ಮಣ್ಣಿನಡಿ ಸಿಕ್ಕರೆ ಪರಿಹಾರಕ್ಕೆ ಅಲೆಯಬೇಕಾಗುತ್ತದೆ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ, ಮನೆಯ ಹಕ್ಕುಪತ್ರ, ಮಕ್ಕಳ ಅಂಕಪಟ್ಟಿ, ತಾಯಿ ಕಾರ್ಡ್ ಇವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಜೊತೆಗೆ ಬ್ಯಾಟರಿ, ಬೆಂಕಿಪೆಟ್ಟಿಗೆ, ಬಿ.ಪಿ., ಶುಗರ್ ಮಾತ್ರೆ, ಸ್ವಲ್ಪ ಚಿಲ್ಲರೆ ಹಣ ಇರಲಿ. ಮಳೆಗಾಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಪುಟಾಣಿ, ಬೆಲ್ಲ ಡಬ್ಬಿಯಲ್ಲಿದ್ದರೆ ಎರಡು ದಿನ ಒಲೆ ಹಚ್ಚದಿದ್ದರೂ ಮಕ್ಕಳು ಉಪವಾಸ ಬೀಳುವುದಿಲ್ಲ. ಸಂಘದ ಪುಸ್ತಕಗಳನ್ನು ಗಟ್ಟಿ ಮನೆಯಲ್ಲಿಡಿ.

5. ಸಿಡಿಲು, ಹಳ್ಳ, ಹೊಳೆ

ಮಿಂಚು ಕಂಡ ಮೇಲೆ 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತಿರದಲ್ಲಿದೆ. ಹೊಲದಲ್ಲಿದ್ದರೆ ಕಳೆ ಕೀಳುವುದನ್ನು ಬಿಟ್ಟು ಮನೆ ಸೇರಿ. ಬೇವಿನ ಮರ, ಹುಣಸೆ ಮರದಡಿ ನಿಲ್ಲಬೇಡಿ. ಕೊನೆಯ ಗುಡುಗಿನ ನಂತರ ಅರ್ಧ ತಾಸು ಒಳಗೇ ಇರಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಅಂಜದೆ ಮುಟ್ಟಿ, 108ಕ್ಕೆ ಫೋನ್ ಮಾಡಿ.

ಹರಿಯುವ ಹಳ್ಳದಲ್ಲಿ ಮೊಣಕಾಲು ಮಟ್ಟದ ನೀರೂ ಮನುಷ್ಯರನ್ನು ಕೆಡವುತ್ತದೆ. ಕೃಷ್ಣೆಯ ದಂಡೆಯವರಿಗೆ ಇನ್ನೊಂದು ಮಾತು: ಇಲ್ಲಿ ಮಳೆಯೇ ಇಲ್ಲದಿದ್ದರೂ ಮಹಾರಾಷ್ಟ್ರದಲ್ಲಿ ಮಳೆಯಾದರೆ ನಾರಾಯಣಪುರ ಜಲಾಶಯದಿಂದ ನೀರು ಬಿಡುತ್ತಾರೆ. 2019ರ ಆಗಸ್ಟ್‌ನಲ್ಲಿ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಂದು, ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯ ಊರುಗಳಿಗೆ ದಾರಿ ಕಡಿದಿತ್ತು. ಡಂಗುರ ಕೇಳಿದ ಕೂಡಲೇ ಗರ್ಭಿಣಿಯರನ್ನು, ರೋಗಿಗಳನ್ನು ಈಚೆಗೆ ಕರೆತನ್ನಿ.

6. ಹಣದ ಸಿದ್ಧತೆ

15 ಸದಸ್ಯರು ವಾರಕ್ಕೆ 10 ರೂಪಾಯಿ ಬೇರೆ ತೆಗೆದಿಟ್ಟರೆ ವರ್ಷಕ್ಕೆ 7,800 ರೂಪಾಯಿ ಆಗುತ್ತದೆ. ಅದರಲ್ಲಿ ಸಂಘಕ್ಕೆ ತಾಡಪತ್ರಿ ಕೊಳ್ಳಿ, ಉಳಿದದ್ದು ಆಪತ್ತಿಗಿರಲಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಸುರಕ್ಷಾ ಬಿಮೆ ಇದೆ. ಅಪಘಾತದಿಂದ ಸಾವಾದರೆ ಮನೆಯವರಿಗೆ 2 ಲಕ್ಷ ಬರುತ್ತದೆ. ಮೇ ಕೊನೆಗೆ ಖಾತೆಯಲ್ಲಿ ಹಣ ಇಟ್ಟಿರಿ.

ಮನೆ ಬಿದ್ದರೆ ಮಣ್ಣು ಎತ್ತುವ ಮೊದಲು ಫೋಟೋ ತೆಗೆಸಿ, ಅದೇ ದಿನ ಗ್ರಾಮ ಆಡಳಿತಾಧಿಕಾರಿಗೂ ಪಂಚಾಯಿತಿಗೂ ಬರೆದು ಕೊಡಿ. 2019ರಲ್ಲಿ ಸರ್ಕಾರ ತುರ್ತಿಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಇಂಥ ಪರಿಹಾರಕ್ಕೆ ಕಾಗದ, ಫೋಟೋ ಎರಡೂ ಬೇಕು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಓಣಿಯಲ್ಲಿ ಈ ಮಳೆಗಾಲಕ್ಕೆ ಅಂಜಬೇಕಾದ ಮನೆಗಳು ಎಷ್ಟು?
2. ಮಧ್ಯರಾತ್ರಿ ಬಾಗಿಲು ಬಡಿದರೆ ನಾನು ಯಾರಿಗೆಲ್ಲಾ ತೆಗೆಯುತ್ತೇನೆ? ಯಾರಿಗೆ ತೆಗೆಯಲು ಹಿಂಜರಿಯುತ್ತೇನೆ? ಯಾಕೆ?
3. ನನ್ನ ಮನೆಯ ಕಾಗದಗಳು ಈಗ ಎಲ್ಲಿವೆ?

ಎರಡನೇ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ ಎಂದು ನಮಗೂ ಗೊತ್ತು. ಆದರೂ ಅದನ್ನು ಬಿಡಬೇಡಿ. ಉತ್ತರ ಸಿಕ್ಕ ದಿನವೇ ನಿರ್ಣಯ ಪುಸ್ತಕ ತೆರೆದು ಮನೆಗಳ ಪಟ್ಟಿ ಬರೆಯಿರಿ.